ಏನ್ ಹೇಳಿದ್ರು ಅಂತ ಗೊತ್ತಾಯ್ತು, ಹೇಗೆ ಹೇಳಿದ್ರು?

ಇಂಗ್ಲಿಷ್ ಕ್ಲಾಸಿನ ರೆಟರಿಕಲ್ ಅನಾಲಿಸಿಸ್ ಪ್ರಬಂಧ ಬರೆಯೋರಿಗೆ, ಅದರಲ್ಲಿ ಒಂದ್ಸಲ ಮುಗ್ಗರಿಸಿದವಳಿಂದ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಇಂಗ್ಲಿಷ್ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟರು. 1949ರ ನವೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದ ಪ್ರಿಂಟ್‌ಔಟ್ ಕೈಗಿಟ್ಟು, "ಇದರ ರೆಟರಿಕಲ್ ಅನಾಲಿಸಿಸ್ ಬರೆದು ತನ್ನಿ, ಇಪ್ಪತ್ತು ಮಾರ್ಕ್ಸ್" ಅಂದ್ರು. ನಂಗೆ ಖುಷಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಇಂಗ್ಲಿಷ್ ಪ್ರಬಂಧ ಅಂದ್ರೆ ಎಡಗೈ ಕೆಲಸ ಅಂದ್ಕೊಂಡಿದ್ದೆ. ಒಂದೇ ರಾತ್ರಿ ಕೂತು, ದೊಡ್ಡ ದೊಡ್ಡ ಪದ ಹಾಕಿ, ಐದು ಪುಟ ತುಂಬಿಸಿ ಕೊಟ್ಟೆ.

ಬಂದಿದ್ದು ಎಂಟು.

ನನ್ನ ಬೆಂಚಿನಲ್ಲೇ ಕೂರೋ ಗೆಳತಿ ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಎರಡೇ ಪುಟ ಬರೆದಿದ್ದಳು, ಗ್ರಾಮರ್ ಕೂಡ ಅಲ್ಲಲ್ಲಿ ತಪ್ಪಿತ್ತು. ಅವಳಿಗೆ ಹದಿನಾರು. ನಿಜ ಹೇಳ್ತೀನಿ, ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಪೇಪರ್ ತೆಗೆದು ನೋಡಿದೆ. ಪ್ರತಿ ಪುಟದ ಅಂಚಿನಲ್ಲೂ ಮೇಡಂ ಕೆಂಪು ಪೆನ್ನಿನಲ್ಲಿ ಒಂದೇ ಮಾತು ಬರೆದಿದ್ರು: "ಇದನ್ನ ಅವರೇ ಹೇಳಿದ್ದಾರೆ. ನೀನು ಏನು ಹೇಳ್ತೀಯ?"

ಈ ಸಲ ಜೂನಿಯರ್‌ಗಳಿಗೂ ಅದೇ ಥರದ ಅಸೈನ್‌ಮೆಂಟ್ ಬಂದಿದೆಯಂತೆ. ಅದಕ್ಕೆ ನಾನು ಎಂಟು ಮಾರ್ಕ್ಸ್ ತಗೊಂಡು ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಹದಿನಾರು ತಗೊಂಡವಳ ಪೇಪರ್‌ನಿಂದ ಕಲಿತದ್ದೂ ಇದರಲ್ಲಿದೆ.

ಅಜ್ಜನ ತಾಳಮದ್ದಳೆ

ನಂಗೆ ವಿಷಯ ಅರ್ಥ ಆಗಿದ್ದು ಕ್ಲಾಸಿನಲ್ಲಲ್ಲ, ಅಜ್ಜನ ಮನೆಯಲ್ಲಿ. ಅಮ್ಮನ ಊರು ಪುತ್ತೂರು ಹತ್ತಿರ. ಅಜ್ಜನಿಗೆ ತಾಳಮದ್ದಳೆಯ ಹುಚ್ಚು. ಗೊತ್ತಿಲ್ಲದವರಿಗೆ ಹೇಳ್ತೀನಿ: ತಾಳಮದ್ದಳೆ ಯಕ್ಷಗಾನದ್ದೇ ಒಂದು ರೂಪ. ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ಮಾತಾಡ್ತಾರೆ. ಪದ್ಯ ಮೊದಲೇ ಬರೆದದ್ದು, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಕೃಷ್ಣನ ಅರ್ಥ ಹೇಳುವವರು ಒಂದು ವಾದ ಹೂಡಿದರೆ ಕೌರವನ ಅರ್ಥ ಹೇಳುವವರು ಅದಕ್ಕೆ ತಕ್ಕ ಉತ್ತರವನ್ನ ಆ ಕ್ಷಣದಲ್ಲೇ ಕೊಡಬೇಕು.

ರಜೆಗೆ ಹೋದಾಗ ಅಜ್ಜ ರಾತ್ರಿ "ಕೃಷ್ಣ ಸಂಧಾನ" ಕೇಳಿಕೊಂಡು ಬಂದಿದ್ರು. ನಾನು ಸುಮ್ಮನೆ ಕೇಳಿದೆ, "ಅಜ್ಜ, ಕೃಷ್ಣ ಎಂತ ಹೇಳಿದ?" ಅಂತ. ಅಜ್ಜ ನಕ್ಕುಬಿಟ್ರು. "ಕೃಷ್ಣ ಎಂತ ಹೇಳಿದ ಅಂತ ಊರಿಗೇ ಗೊತ್ತುಂಟು ಮಾರಾಯ್ತಿ. ಸಂಧಾನ ಮುರಿದು ಬೀಳ್ತದೆ ಅಂತಲೂ ಗೊತ್ತುಂಟು. ಅದನ್ನು ಕೇಳ್ಲಿಕ್ಕೆ ಯಾರು ನಿದ್ದೆ ಬಿಟ್ಟು ಕೂತ್ಕೊಳ್ತಾರೆ? ಹೇಗೆ ಹೇಳಿದ, ಕೌರವನನ್ನು ಎಲ್ಲಿ ಕಟ್ಟಿ ಹಾಕಿದ, ಅದು ಕೇಳು."

ಕೆಂಪು ಪೆನ್ನಿನ ಮಾತು ಆಗ ತಲೆಗೆ ಹೋಯ್ತು. ನನ್ನ ಐದು ಪುಟದಲ್ಲಿ ನಾನು ಮಾಡಿದ್ದು ಕಥೆ ಹೇಳೋದು ಮಾತ್ರ. ಅಂಬೇಡ್ಕರ್ ಮೊದಲು ಇದನ್ನ ಹೇಳಿದ್ರು, ಆಮೇಲೆ ಅದನ್ನ ಹೇಳಿದ್ರು, ಕೊನೆಗೆ ಇನ್ನೊಂದು ಹೇಳಿದ್ರು. ಅದು ಸಮರಿ. ಮೇಡಂ ಕೇಳಿದ್ದು ಅಜ್ಜ ಕೇಳೋ ಪ್ರಶ್ನೆ: ಮಾತನ್ನ ಹೇಗೆ ಕಟ್ಟಿದ್ರು, ಯಾಕೆ ಹಾಗೆ ಕಟ್ಟಿದ್ರು, ಕೇಳ್ತಾ ಕೂತವರ ಮೇಲೆ ಅದು ಏನು ಮಾಡ್ತು?

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ರಿವರ್ಸ್ ಇಂಜಿನಿಯರಿಂಗ್. ಮಿಕ್ಸಿ ಚಟ್ನಿ ಮಾಡುತ್ತೆ ಅಂತ ಹೇಳಿದ್ರೆ ಯಾವ ಲ್ಯಾಬ್‌ನಲ್ಲೂ ಮಾರ್ಕ್ಸ್ ಕೊಡಲ್ಲ. ಬಿಚ್ಚಿ, ಮೋಟರ್ ಎಲ್ಲಿದೆ, ಬ್ರಶ್ ಯಾಕೆ ಇದೆ, ಓವರ್‌ಲೋಡ್ ಸ್ವಿಚ್ ಇಲ್ಲದಿದ್ದರೆ ಏನಾಗ್ತಿತ್ತು ಅಂತ ಹೇಳಬೇಕು.

ಬಿಚ್ಚೋ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ

ಯಾರು ಮಾತಾಡ್ತಿದ್ದಾರೆ? ಯಾರಿಗೆ? ಯಾವಾಗ? ಆ ಮಾತಿನಿಂದ ಏನು ಆಗಬೇಕು ಅಂತ ಅವರ ಆಸೆ? ಈ ನಾಲ್ಕಕ್ಕೆ ಉತ್ತರ ಇಲ್ಲದೆ ಅನಾಲಿಸಿಸ್ ಶುರು ಮಾಡ್ಬೇಡಿ. ಯಾಕಂದ್ರೆ ಒಂದು ವಾಕ್ಯ ಚೆನ್ನಾಗಿದೆಯಾ ಇಲ್ಲವಾ ಅನ್ನೋದು ಯಾರಿಗೆ ಹೇಳಿದ್ದು ಅನ್ನೋದರ ಮೇಲೆ ನಿಂತಿರುತ್ತೆ. ವೈವಾದಲ್ಲಿ ಎಕ್ಸ್‌ಟರ್ನಲ್ ಹತ್ರ ಮಾತಾಡೋ ಥರ ಅಮ್ಮನ ಹತ್ರ ಮಾತಾಡಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಇದರ ಜೊತೆಗೆ ಕ್ಲಾಸಿನಲ್ಲಿ ಮೂರು ಗ್ರೀಕ್ ಪದ ಹೇಳಿಕೊಡ್ತಾರೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅರಿಸ್ಟಾಟಲ್ ಕೊಟ್ಟ ವಿಂಗಡಣೆ ಇದು. ಈಥೋಸ್ ಅಂದ್ರೆ ಮಾತಾಡೋರ ಮೇಲೆ ಹುಟ್ಟೋ ನಂಬಿಕೆ. ಲೋಗೋಸ್ ಅಂದ್ರೆ ತರ್ಕ, ಲೆಕ್ಕ, ಆಧಾರ. ಪೇಥೋಸ್ ಅಂದ್ರೆ ಕೇಳೋರ ಮನಸ್ಸಿನಲ್ಲಿ ಎಬ್ಬಿಸೋ ಭಾವನೆ. ಈ ಮೂರು ಹೆಸರು ಗೊತ್ತಿದ್ರೆ ಒಳ್ಳೇದು, ಆದರೆ ಹೆಸರು ಹಚ್ಚೋದೇ ಅನಾಲಿಸಿಸ್ ಅಲ್ಲ. ನಾನು ಮಾಡಿದ ಎರಡನೇ ತಪ್ಪು ಅದೇ. "ಇಲ್ಲಿ ಲೋಗೋಸ್ ಬಳಸಿದ್ದಾರೆ, ಇಲ್ಲಿ ಪೇಥೋಸ್ ಬಳಸಿದ್ದಾರೆ" ಅಂತ ಇಡೀ ಪ್ಯಾರಾ ಬರೆದಿದ್ದೆ. ಅದು ಬಿಚ್ಚಿದ ಮಿಕ್ಸಿಯ ಪಾರ್ಟ್‌ಗಳಿಗೆ ಲೇಬಲ್ ಅಂಟಿಸಿ ಹೊರಗೆ ಬಂದ ಹಾಗೆ. ಪಾರ್ಟ್ ಏನು ಕೆಲಸ ಮಾಡ್ತಿದೆ ಅಂತ ಹೇಳೋವರೆಗೆ ಲೇಬಲ್‌ಗೆ ಬೆಲೆ ಇಲ್ಲ.

ಈಗ ಆ ಭಾಷಣವನ್ನೇ ಒಟ್ಟಿಗೆ ಬಿಚ್ಚೋಣ.

ಮೊದಲರ್ಧ: ನಂಬಿಕೆ ಗಳಿಸೋದು

ಯಾರು? ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು. ಯಾರಿಗೆ? ಸಂವಿಧಾನ ಸಭೆಯ ಸದಸ್ಯರಿಗೆ. ಅವರಲ್ಲಿ ಕಾಂಗ್ರೆಸ್‌ನವರೇ ಹೆಚ್ಚು, ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿ ಬಂದವರೂ ತುಂಬ ಜನ. ಯಾವಾಗ? ಸಂವಿಧಾನವನ್ನ ಅಂಗೀಕರಿಸೋ ಹಿಂದಿನ ದಿನ. 1946ರ ಡಿಸೆಂಬರ್ 9ರಂದು ಶುರುವಾದ ಕೆಲಸ ಮುಗಿಯೋ ಹೊತ್ತು. ಅಂದ್ರೆ ಸಭೆಯ ಮನಸ್ಸು ಹಬ್ಬದ ಮನಸ್ಸು. ಇಂಥ ದಿನ ಥ್ಯಾಂಕ್ಸ್ ಹೇಳಿ, ಚಪ್ಪಾಳೆ ತಗೊಂಡು ಕೂತರೆ ಯಾರೂ ತಪ್ಪು ತಿಳೀತಿರಲಿಲ್ಲ.

ಅಂಬೇಡ್ಕರ್ ಶುರು ಮಾಡೋದು ಲೆಕ್ಕದಿಂದ. ಸಭೆ ಎಷ್ಟು ದಿನ ಸೇರಿತು, ಕರಡು ಸಮಿತಿ 141 ದಿನ ಕೂತಿತು, ಕೊನೆಗೆ 395 ವಿಧಿಗಳಾದವು, 2,473 ತಿದ್ದುಪಡಿಗಳನ್ನ ಸಭೆಯಲ್ಲಿ ಮಂಡಿಸಿ ಚರ್ಚೆ ಮಾಡಿದ್ರು. ಮೊದಲ ಸಲ ಓದಿದಾಗ ಈ ಭಾಗ ನಂಗೆ ಬೋರ್. ನನ್ನ ಪ್ರಬಂಧದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಆದರೆ "ಯಾಕೆ ಇಲ್ಲಿ, ಯಾಕೆ ಮೊದಲು" ಅಂತ ಕೇಳಿ ನೋಡಿ. ಆಗ ಹೊರಗೆ ಒಂದು ಟೀಕೆ ಇತ್ತು: ಇಷ್ಟು ವರ್ಷ ಎಳೆದ್ರು, ಜನರ ದುಡ್ಡು ಹಾಳು ಮಾಡಿದ್ರು ಅಂತ. ಸಭೆಯ ಒಬ್ಬ ಸದಸ್ಯರಂತೂ ಡ್ರಾಫ್ಟಿಂಗ್ ಕಮಿಟಿಗೆ "ಡ್ರಿಫ್ಟಿಂಗ್ ಕಮಿಟಿ", ಅಂದ್ರೆ ತೇಲಾಡೋ ಸಮಿತಿ, ಅಂತ ಹೊಸ ಹೆಸರಿಟ್ಟಿದ್ರು.

ಆ ಟೀಕೆಗೆ ಅವರು ಸಿಟ್ಟಿನಿಂದ ಉತ್ತರ ಕೊಡಲ್ಲ. ಬೇರೆ ದೇಶಗಳನ್ನ ಪಕ್ಕದಲ್ಲಿ ತಂದು ನಿಲ್ಲಿಸ್ತಾರೆ. ಅಮೆರಿಕದವರು 1787ರ ಮೇ 25ಕ್ಕೆ ಸೇರಿ ಸೆಪ್ಟೆಂಬರ್ 17ಕ್ಕೆ ಮುಗಿಸಿದ್ರು, ನಾಲ್ಕು ತಿಂಗಳೊಳಗೆ. ಇಲ್ಲಿ ಒಂದು ಸೂಕ್ಷ್ಮ ಇದೆ, ನೋಡಿ: ತಮಗೆ ಅನುಕೂಲ ಇಲ್ಲದ ಉದಾಹರಣೆಯನ್ನೂ ಅವರು ಮುಚ್ಚಿಡಲ್ಲ. ಅಮೆರಿಕ, ದಕ್ಷಿಣ ಆಫ್ರಿಕಕ್ಕಿಂತ ನಾವು ಹೆಚ್ಚು ಸಮಯ ತಗೊಂಡಿದ್ದು ಹೌದು ಅಂತ ಒಪ್ಕೋತಾರೆ. ಕೆನಡಾಕ್ಕಿಂತ ಹೆಚ್ಚೇನಲ್ಲ, ಆಸ್ಟ್ರೇಲಿಯಕ್ಕಿಂತ ತುಂಬ ಕಡಿಮೆ ಅಂತ ಆಮೇಲೆ ಹೇಳ್ತಾರೆ. ಅಮೆರಿಕದ ಸಂವಿಧಾನದಲ್ಲಿ ಏಳೇ ವಿಧಿ, ಆಸ್ಟ್ರೇಲಿಯದ್ದರಲ್ಲಿ 128 ಸೆಕ್ಷನ್, ನಮ್ಮದು 395. ಆ ದೇಶಗಳವರಿಗೆ ತಿದ್ದುಪಡಿಗಳ ರಾಶಿಯೂ ಇರಲಿಲ್ಲ. ಉದ್ದವನ್ನೂ ಸಮಯವನ್ನೂ ಜೊತೆಗಿಟ್ಟು ನೋಡಿ, ಆಮೇಲೆ ತೀರ್ಮಾನಿಸಿ ಅನ್ನೋ ಹಾಗಿದೆ ವಾದ. ಇದು ಲೋಗೋಸ್, ಸರಿ. ಆದರೆ ಇದರ ಕೆಲಸ ಟೀಕೆಗೆ ಉತ್ತರ ಕೊಡೋದಷ್ಟೇ ಅಲ್ಲ. ತನಗೆ ವಿರುದ್ಧವಾದ ಡೇಟಾವನ್ನೂ ತಾನೇ ತಂದಿಡೋ ಮನುಷ್ಯ ಇವರು ಅನ್ನೋ ನಂಬಿಕೆ ಕೇಳೋರಲ್ಲಿ ಹುಟ್ಟುತ್ತೆ. ಲೋಗೋಸ್ ಒಳಗೇ ಈಥೋಸ್ ತಯಾರಾಗ್ತಿದೆ.

ಮುಂದಿನ ಹೆಜ್ಜೆ ಇನ್ನೂ ಚೆಂದ. ಎಲ್ಲರೂ ಅವರನ್ನ ಹೊಗಳಿದ್ದಾರೆ. ಅವರು ಆ ಹೊಗಳಿಕೆಯನ್ನ ಹಂಚಿಬಿಡ್ತಾರೆ. ಪರಿಶಿಷ್ಟ ಜಾತಿಗಳ ಹಿತ ಕಾಯೋದಕ್ಕೆ ಅಂತ ಮಾತ್ರ ಈ ಸಭೆಗೆ ಬಂದೆ, ಕರಡು ಸಮಿತಿಗೆ ಆರಿಸಿದಾಗ ಆಶ್ಚರ್ಯ ಆಯ್ತು, ಅಧ್ಯಕ್ಷ ಮಾಡಿದಾಗ ಇನ್ನೂ ಆಶ್ಚರ್ಯ ಆಯ್ತು ಅಂತಾರೆ. ಶ್ರೇಯಸ್ಸಿನ ಪಾಲು ಸಂವಿಧಾನದ ಸಲಹೆಗಾರರಾಗಿದ್ದ ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್ ಅವರಿಗೆ, ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೆ, ಸಿಬ್ಬಂದಿಗೆ ಸಲ್ಲಬೇಕು ಅಂತಾರೆ. ಸಭೆಯಲ್ಲಿ ತಮ್ಮ ಮಾತಿಗೆ ಮತ್ತೆ ಮತ್ತೆ ಅಡ್ಡ ಹಾಕಿದ ಸದಸ್ಯರ ಹೆಸರು ಹೇಳಿ ಅವರಿಗೂ ಥ್ಯಾಂಕ್ಸ್ ಹೇಳ್ತಾರೆ. ಅವರು ಪ್ರಶ್ನೆ ಎತ್ತದಿದ್ದರೆ ಸಂವಿಧಾನದ ತತ್ತ್ವಗಳನ್ನ ಬಿಡಿಸಿ ಹೇಳೋ ಅವಕಾಶ ನನಗೆ ಸಿಗ್ತಿರಲಿಲ್ಲ ಅನ್ನೋದು ಅದರ ಭಾವ.

ನನ್ನ ಗೆಳತಿ ಇಲ್ಲಿ ಒಂದು ವಾಕ್ಯ ಬರೆದಿದ್ದಳು. ಕನ್ನಡದಲ್ಲಿ ಹೇಳಿದ್ರೆ ಹೀಗೆ: "ಮೊದಲರ್ಧದಲ್ಲಿ ಅವರು ಬ್ಯಾಂಕಿಗೆ ದುಡ್ಡು ಕಟ್ತಾ ಇದ್ದಾರೆ. ಎರಡನೇ ಅರ್ಧದಲ್ಲಿ ಅದನ್ನ ತೆಗೆದು ಖರ್ಚು ಮಾಡ್ತಾರೆ." ಮೇಡಂ ಅದರ ಕೆಳಗೆ ಎರಡು ಗೆರೆ ಎಳೆದಿದ್ರು. ನನ್ನ ಐದು ಪುಟದಲ್ಲಿ ಅಂಥ ಒಂದು ವಾಕ್ಯ ಇರಲಿಲ್ಲ.

ತಿರುವು

ಅವಳ ಆ ವಾಕ್ಯ ಯಾಕೆ ಸರಿ ಅಂತ ಭಾಷಣದ ನಡುವೆ ಗೊತ್ತಾಗುತ್ತೆ. ಒಂದು ಕಡೆ ಅಂಬೇಡ್ಕರ್, ನನ್ನ ಮಾತನ್ನ ಇಲ್ಲಿಗೇ ಮುಗಿಸಬಹುದಿತ್ತು ಅಂತಾರೆ. ಆದರೆ ದೇಶದ ಮುಂದಿನ ದಿನಗಳ ಯೋಚನೆ ಮನಸ್ಸು ತುಂಬಿಕೊಂಡಿದೆ, ಅದನ್ನ ಹೇಳಲೇಬೇಕು ಅಂತ ಮುಂದುವರೀತಾರೆ. ಯಾವ ಭಾಷಣ, ಲೇಖನ ಓದಿದರೂ ಇಂಥ ತಿರುವು ಹುಡುಕಿ. "ಆದರೆ" ಅನ್ನೋ ಜಾಗದಲ್ಲೇ ಸಾಮಾನ್ಯವಾಗಿ ನಿಜವಾದ ವಿಷಯ ಶುರುವಾಗುತ್ತೆ. ಇಲ್ಲಿವರೆಗೆ ಕೇಳಿದ್ದು ಥ್ಯಾಂಕ್ಸ್ ಭಾಷಣ. ಇಲ್ಲಿಂದ ಮುಂದೆ ಎಚ್ಚರಿಕೆ.

ಮೊದಲು ಒಂದು ಭಯ ಎಬ್ಬಿಸ್ತಾರೆ. 1950ರ ಜನವರಿ 26ಕ್ಕೆ ಭಾರತ ಸ್ವತಂತ್ರ ದೇಶ ಆಗುತ್ತೆ, ಆ ಸ್ವಾತಂತ್ರ್ಯವನ್ನ ಉಳಿಸಿಕೊಳ್ಳುತ್ತಾ, ಮತ್ತೆ ಕಳ್ಕೊಳ್ಳುತ್ತಾ? ಆಮೇಲೆ ಇತಿಹಾಸದಿಂದ ಉದಾಹರಣೆಗಳು ಸಾಲಾಗಿ ಬರ್ತವೆ: ಸಿಂಧ್‌ನ ದಾಹಿರ್ ರಾಜನ ಸೇನಾಧಿಪತಿಗಳು ಲಂಚ ತಗೊಂಡದ್ದು, ಜಯಚಂದ ಹೊರಗಿನವರನ್ನ ಕರೆದದ್ದು, ಶಿವಾಜಿ ಹೋರಾಡ್ತಿದ್ದಾಗ ಉಳಿದ ಮರಾಠ ಸರದಾರರು ಮತ್ತು ರಜಪೂತ ರಾಜರು ಮೊಗಲರ ಪರ ನಿಂತದ್ದು, 1857ರಲ್ಲಿ ಒಂದು ದೊಡ್ಡ ಭಾಗ ಸಿಡಿದೆದ್ದಾಗ ಇನ್ನು ಕೆಲವರು ಸುಮ್ಮನೆ ನೋಡ್ತಾ ನಿಂತದ್ದು. ಉದಾಹರಣೆಗಳ ಆಯ್ಕೆ ಗಮನಿಸಿ. ಎಲ್ಲದರಲ್ಲೂ ಹೊರಗಿನ ಶತ್ರು ಇದ್ದಾನೆ, ಆದರೆ ಬೆರಳು ಅವನ ಕಡೆ ತೋರ್ತಿಲ್ಲ. ಪ್ರತಿಸಲ ಬೆರಳು ನಮ್ಮ ಕಡೆಗೇ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಮೂರು ಎಚ್ಚರಿಕೆ, ಮತ್ತೆ ಅದರ ಒಳಗಿನ ಸ್ಪ್ರಿಂಗ್

ಪ್ರಜಾಪ್ರಭುತ್ವ ಹೆಸರಿಗೆ ಮಾತ್ರ ಅಲ್ಲದೆ ನಿಜವಾಗಿ ಉಳಿಯಬೇಕಾದ್ರೆ ಏನು ಮಾಡಬೇಕು ಅಂತ ಅವರು ಮೂರು ಮಾತು ಹೇಳ್ತಾರೆ. ಮೂರೂ ಆ ಸಭೆಗೆ ಕಹಿ ಮಾತ್ರೆಗಳೇ.

ಮೊದಲನೇದು: ಸಂವಿಧಾನದ ದಾರಿಯಲ್ಲೇ ಹೋಗಬೇಕು. ರಕ್ತಕ್ರಾಂತಿ ಬಿಡಬೇಕು, ಅಷ್ಟೇ ಅಲ್ಲ, ಅಸಹಕಾರ, ಕಾನೂನುಭಂಗ, ಸತ್ಯಾಗ್ರಹವನ್ನೂ ಬಿಡಬೇಕು. ಯಾರ ಮುಂದೆ ಹೇಳ್ತಿದ್ದಾರೆ ನೆನಪಿಸಿಕೊಳ್ಳಿ. ಸತ್ಯಾಗ್ರಹದಿಂದಲೇ ಆ ಕುರ್ಚಿಯವರೆಗೆ ಬಂದವರ ಮುಂದೆ! ನೇರವಾಗಿ ಹೇಳಿದ್ರೆ ಸಭೆ ಕಿವಿ ಮುಚ್ಚಿಕೊಳ್ತಿತ್ತು. ಅದಕ್ಕೆ ಅವರು ಮೊದಲು ಒಂದು ರಿಯಾಯಿತಿ ಕೊಡ್ತಾರೆ: ಸಂವಿಧಾನದ ದಾರಿಯೇ ಇಲ್ಲದಿದ್ದಾಗ ಆ ವಿಧಾನಗಳಿಗೆ ದೊಡ್ಡ ಸಮರ್ಥನೆ ಇತ್ತು. ಈಗ ದಾರಿ ಇದೆ, ಹಾಗಾಗಿ ಸಮರ್ಥನೆ ಹೋಯ್ತು. ನೀವು ಮಾಡಿದ್ದು ತಪ್ಪು ಅಂತ ಎಲ್ಲೂ ಹೇಳ್ಲಿಲ್ಲ, ಕಾಲ ಬದಲಾಯ್ತು ಅಂದ್ರು. ಕೇಳಿದವರ ಮರ್ಯಾದೆಯೂ ಉಳೀತು, ವಾದವೂ ಉಳೀತು.

ಎರಡನೇದು: ಎಷ್ಟೇ ದೊಡ್ಡ ಮನುಷ್ಯ ಆದರೂ ಅವನ ಪಾದಕ್ಕೆ ನಮ್ಮ ಸ್ವಾತಂತ್ರ್ಯ ಒಪ್ಪಿಸಬಾರದು. ಇಲ್ಲೂ ಅದೇ ಸ್ಪ್ರಿಂಗ್. ಜೀವಮಾನವೆಲ್ಲ ದೇಶಕ್ಕೆ ಕೊಟ್ಟವರಿಗೆ ಕೃತಜ್ಞತೆ ತೋರಿಸೋದರಲ್ಲಿ ತಪ್ಪಿಲ್ಲ ಅಂತ ಮೊದಲು ಒಪ್ತಾರೆ, ಆಮೇಲೆ ಕೃತಜ್ಞತೆಗೂ ಒಂದು ಮಿತಿ ಇದೆ ಅಂತಾರೆ. ಇನ್ನೊಂದು ಜಾಣತನ ನೋಡಿ: ಬದುಕಿರೋ ಒಬ್ಬ ನಾಯಕರ ಹೆಸರೂ ಎತ್ತಲ್ಲ. ಇಂಗ್ಲೆಂಡಿನ ಜಾನ್ ಸ್ಟೂವರ್ಟ್ ಮಿಲ್, ಐರ್ಲೆಂಡಿನ ಡೇನಿಯಲ್ ಓಕಾನೆಲ್ ಅವರ ಮಾತು ತರ್ತಾರೆ. ಇಲ್ಲಿನ ಹೆಸರು ಹೇಳಿದ್ರೆ ಚರ್ಚೆ ವ್ಯಕ್ತಿಯ ಮೇಲೆ ತಿರುಗ್ತಿತ್ತು. ದೂರದ ಹೆಸರು ಹೇಳಿದ್ದಕ್ಕೆ ಚರ್ಚೆ ತತ್ತ್ವದ ಮೇಲೇ ನಿಲ್ತು. ಭಕ್ತಿಯ ಬಗ್ಗೆ ಅವರು ಹೇಳೋ ಹೆಸರಾದ ಮಾತು ಬರೋದೂ ಇಲ್ಲೇ. ಒಂದೇ ಭಕ್ತಿ, ಧರ್ಮದಲ್ಲಿ ಅದು ಆತ್ಮವನ್ನ ಬಿಡುಗಡೆಯ ಕಡೆ ಕರ್ಕೊಂಡು ಹೋಗಬಹುದು, ರಾಜಕೀಯದಲ್ಲಿ ಮಾತ್ರ ಸರ್ವಾಧಿಕಾರದ ಕಡೆ. ಎರಡು ಭಾಗಕ್ಕೂ ಒಂದೇ ಅಳತೆ ಇದೆ, ಹೋಗಿ ಮುಟ್ಟೋ ಜಾಗ ಮಾತ್ರ ಬೇರೆ. ವಾಕ್ಯದ ಆಕಾರವೇ ಅರ್ಥದ ಅರ್ಧ ಕೆಲಸ ಮಾಡ್ತಿದೆ.

ಮೂರನೇದಕ್ಕೆ ಅವರು ಅತಿ ಹೆಚ್ಚು ಜಾಗ ಕೊಡ್ತಾರೆ. ರಾಜಕೀಯ ಪ್ರಜಾಪ್ರಭುತ್ವ ಸಾಲದು, ಸಾಮಾಜಿಕ ಪ್ರಜಾಪ್ರಭುತ್ವ ಬೇಕು. ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡ್ತೀವಿ ಅಂತಾರೆ. ಓಟಿನಲ್ಲಿ ಎಲ್ಲರೂ ಸಮ, ಸಮಾಜದಲ್ಲೂ ದುಡ್ಡಿನಲ್ಲೂ ಅಸಮ. ಅಲ್ಲಿಂದ ಪ್ರಶ್ನೆಗಳು ಶುರು: ಎಷ್ಟು ದಿನ ಹೀಗೆ? ಎಷ್ಟು ದಿನ ಸಮಾನತೆ ಕೊಡದೆ ಇರ್ತೀವಿ? ಲೆಕ್ಕದಿಂದ ಶುರುವಾದ ಭಾಷಣ ಇಲ್ಲಿ ಪ್ರಶ್ನೆಗೆ ಬಂದು ನಿಂತಿದೆ. ಲೆಕ್ಕ ಹೇಳಿದಾಗ ಸಭೆ ತಲೆ ಆಡಿಸಿ ಕೂರಬಹುದು. ಪ್ರಶ್ನೆ ಕೇಳಿದಾಗ ಪ್ರತಿಯೊಬ್ಬರೂ ತಮ್ಮೊಳಗೆ ಉತ್ತರ ಹುಡುಕಬೇಕು. ಇಲ್ಲಿ ಪೇಥೋಸ್ ಇದೆ, ಆದರೆ ಕಣ್ಣೀರಿನ ಪೇಥೋಸ್ ಅಲ್ಲ, ಅಸಮಾಧಾನದ್ದು. ಜೊತೆಗೆ "ನೀವು" ಅಂತ ಬೈಯ್ಯಲ್ಲ, "ನಾವು" ಅಂತಲೇ ಕೇಳ್ತಾರೆ. ಅಸಮಾನತೆಯನ್ನ ಮೈಮೇಲೆ ಅನುಭವಿಸಿದ ಮನುಷ್ಯ "ನಾವು" ಅಂದಾಗ ಆ ಪದದ ತೂಕವೇ ಬೇರೆ.

ಕೊನೆಗೆ: ಸ್ವಾತಂತ್ರ್ಯ ಬಂದ ಮೇಲೆ ಏನು ಕೆಟ್ಟರೂ ಬ್ರಿಟಿಷರನ್ನ ದೂರೋ ಹಾಗಿಲ್ಲ, ಇನ್ನು ದೂರಬೇಕಾದ್ರೆ ನಮ್ಮನ್ನೇ ಅಂತಾರೆ. ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ, ಆ ಬೆರಳು ಮತ್ತೆ ಬಂತು. ಸಿಂಧ್‌ನಿಂದ 1857ರವರೆಗಿನ ಉದಾಹರಣೆಗಳು ಇತಿಹಾಸದ ಪಾಠ ಮಾತ್ರ ಆಗಿರಲಿಲ್ಲ. ಈ ಕೊನೆಯ ಮಾತಿಗೆ ಅಡಿಪಾಯ ಅಲ್ಲೇ ಬಿದ್ದಿತ್ತು.

ಈಗ ಬರೆಯೋದು

ಬಿಚ್ಚಿದ್ದಾಯ್ತು, ಪ್ರಬಂಧ ಆಗಿ ಜೋಡಿಸೋದು ಹೇಗೆ? ನಂಗೆ ಕೆಲಸಕ್ಕೆ ಬಂದಿದ್ದು ಇಷ್ಟು.

1. ಥೀಸಿಸ್ ಒಂದೇ ವಾಕ್ಯದಲ್ಲಿರಲಿ, ಅದರಲ್ಲಿ "ಹೇಗೆ" ಮತ್ತು "ಯಾಕೆ" ಎರಡೂ ಇರಲಿ. ನನ್ನ ಹಳೆಯದು: "ಅಂಬೇಡ್ಕರ್ ತಮ್ಮ ಭಾಷಣದಲ್ಲಿ ಈಥೋಸ್, ಲೋಗೋಸ್, ಪೇಥೋಸ್ ಬಳಸಿ ಸಭೆಯ ಮನಗೆದ್ದಿದ್ದಾರೆ." ಇದನ್ನ ಗಾಂಧಿ ಭಾಷಣಕ್ಕೂ ಹಾಕಬಹುದು, ಸೋಪಿನ ಜಾಹೀರಾತಿಗೂ ಹಾಕಬಹುದು. ತಿದ್ದಿದ್ದು: "ಲೆಕ್ಕ ಮತ್ತು ವಿನಯದಿಂದ ಸಭೆಯ ನಂಬಿಕೆ ಗಳಿಸಿಕೊಂಡು, ಅದೇ ನಂಬಿಕೆಯ ಬಲದಿಂದ, ಸಂಭ್ರಮದಲ್ಲಿದ್ದ ಸಭೆ ಕೇಳೋಕೆ ಇಷ್ಟಪಡದ ಎಚ್ಚರಿಕೆಗಳನ್ನ ಅಂಬೇಡ್ಕರ್ ಕೇಳಿಸ್ತಾರೆ." ಇದು ಬೇರೆ ಯಾವ ಭಾಷಣಕ್ಕೂ ಹೊಂದಲ್ಲ. ಪರೀಕ್ಷೆ ಸುಲಭ: ಹೆಸರು ಬದಲಾಯಿಸಿದ್ರೂ ನಿಮ್ಮ ಥೀಸಿಸ್ ನಿಲ್ಲುತ್ತಾ? ನಿಂತರೆ ಅದು ಥೀಸಿಸ್ ಅಲ್ಲ.

2. ಪ್ರತಿ ಪ್ಯಾರಾದಲ್ಲಿ ಮೂರು ಕೆಲಸ. ನಿಮ್ಮ ಮಾತು ಹೇಳಿ, ಭಾಷಣದಿಂದ ಆಧಾರ ತೋರಿಸಿ, ಆ ಆಧಾರ ಕೇಳೋರ ಮೇಲೆ ಏನು ಮಾಡ್ತು ಅಂತ ವಿವರಿಸಿ. ಮೊದಲೆರಡು ಎಲ್ಲರೂ ಬರೀತಾರೆ. ಮಾರ್ಕ್ಸ್ ಇರೋದು ಮೂರನೇದರಲ್ಲಿ. ಆಧಾರಕ್ಕೆ ಒಂದು ವಾಕ್ಯ ಕೊಟ್ಟರೆ ವಿವರಣೆಗೆ ಕಡೇಪಕ್ಷ ಎರಡು ವಾಕ್ಯ ಕೊಡಿ.

3. ಕ್ರಿಯಾಪದ ನೋಡಿಕೊಳ್ಳಿ. ನಿಮ್ಮ ಡ್ರಾಫ್ಟ್‌ನಲ್ಲಿ "ಹೇಳ್ತಾರೆ" ಅನ್ನೋದು ಎಷ್ಟು ಸಲ ಬಂದಿದೆ ಎಣಿಸಿ. ಎಲ್ಲ ಕಡೆ ಅದೇ ಇದ್ರೆ ನೀವು ಸಮರಿ ಬರೀತಿದ್ದೀರಿ. ಒಪ್ಕೋತಾರೆ, ತಿರುಗಿಸ್ತಾರೆ, ಹಂಚ್ತಾರೆ, ಪಕ್ಕಕ್ಕಿಟ್ಟು ಹೋಲಿಸ್ತಾರೆ, ಮುಂದೂಡ್ತಾರೆ ಅಂತ ಬರೆಯೋಕೆ ಹೋದಾಗ ತಾನಾಗಿಯೇ ಅನಾಲಿಸಿಸ್ ಬರುತ್ತೆ.

4. "ಇಲ್ಲದಿದ್ದರೆ?" ಅಂತ ಕೇಳಿ. ಈ ಭಾಗ ತೆಗೆದುಬಿಟ್ಟರೆ ಭಾಷಣಕ್ಕೆ ಏನು ನಷ್ಟ? ಮೊದಲಿನ ಲೆಕ್ಕವನ್ನ ಕೊನೆಗೆ ಹಾಕಿದ್ರೆ? ಸರ್ಕ್ಯೂಟ್‌ನಲ್ಲಿ ಒಂದು ರೆಸಿಸ್ಟರ್ ತೆಗೆದು ನೋಡಿದ ಹಾಗೆ. ನಷ್ಟ ಏನು ಅಂತ ಗೊತ್ತಾದ್ರೆ ಆ ಭಾಗದ ಕೆಲಸ ಗೊತ್ತಾಯ್ತು.

5. ಹೊಗಳಬೇಡಿ. "ಅದ್ಭುತ", "ಮನಮುಟ್ಟುವ", "ಅಜರಾಮರ" ಇದ್ಯಾವುದೂ ಆಧಾರ ಅಲ್ಲ. ನನ್ನ ಪೇಪರ್‌ನಲ್ಲಿ ಹೀಗಿರೋ ಹನ್ನೊಂದು ಪದ ಇತ್ತು, ಆಮೇಲೆ ಎಣಿಸಿದೆ. ಒಪ್ಪಿಗೆ ಇಲ್ಲದಿದ್ರೂ ಅನಾಲಿಸಿಸ್ ಮಾಡಬಹುದು. ಸತ್ಯಾಗ್ರಹ ಬಿಡಬೇಕು ಅನ್ನೋ ಮಾತು ನಿಮಗೆ ಒಪ್ಪಿಗೆ ಆಗದೇ ಇರಬಹುದು, ಆದರೂ ಆ ವಾದ ಹೇಗೆ ನಿಂತಿದೆ ಅಂತ ತೋರಿಸೋದು ನಿಮ್ಮ ಕೆಲಸ.

6. ಯೋಚನೆ ಬರುವ ಭಾಷೆಯಲ್ಲಿ ಯೋಚಿಸಿ, ಕೇಳಿದ ಭಾಷೆಯಲ್ಲಿ ಬರೀರಿ. ಗೆಳತಿಯ ರಫ್ ನೋಟ್ಸ್ ಪೂರ್ತಿ ಕನ್ನಡದಲ್ಲಿತ್ತು. ಬ್ಯಾಂಕಿನ ಹೋಲಿಕೆ ಹುಟ್ಟಿದ್ದು ಅಲ್ಲಿ. ನಾನು ನೇರ ಇಂಗ್ಲಿಷ್‌ನಲ್ಲಿ ಬರೆದೆ, ವಾಕ್ಯಗಳು ಸುಲಭವಾಗಿ ಹರಿದು ಬಂದವು. ಆ ಸುಲಭವೇ ಕೈಕೊಟ್ಟಿತು. ನಾನೇನೂ ಯೋಚಿಸ್ತಿಲ್ಲ ಅನ್ನೋದು ನಂಗೇ ಗೊತ್ತಾಗಲಿಲ್ಲ.

ಇಂಜಿನಿಯರ್‌ಗೆ ಇದೆಲ್ಲ ಯಾಕೆ?

ಈ ಪ್ರಶ್ನೆ ನಮ್ಮ ಕ್ಲಾಸಿನಲ್ಲೂ ಬಂತು. ನನ್ನ ಉತ್ತರ ಚಾಲೆಂಜರ್.

1986ರ ಜನವರಿ 27ರ ರಾತ್ರಿ ಅಮೆರಿಕದ ಮಾರ್ಟನ್ ಥಿಯೋಕಾಲ್ ಕಂಪನಿಯ ಇಂಜಿನಿಯರ್‌ಗಳು ಫೋನ್ ಮೀಟಿಂಗ್‌ನಲ್ಲಿ ನಾಸಾದವರಿಗೆ, ನಾಳೆ ಉಡಾವಣೆ ಬೇಡ ಅಂದ್ರು. ಚಳಿಗೆ ಬೂಸ್ಟರ್‌ನ ಓ-ರಿಂಗ್ ಗಟ್ಟಿಯಾಗಿ ಸರಿಯಾಗಿ ಮುಚ್ಚಿಕೊಳ್ಳಲ್ಲ ಅನ್ನೋದು ರೋಜರ್ ಬೋಯ್ಸ್‌ಜೋಲಿ ಮುಂತಾದವರ ಭಯ. 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದ್ರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ, ಕಡಿಮೆ ಇದ್ರೆ ಹಾರಿಸಬೇಡಿ ಅನ್ನೋದು ಅವರ ಶಿಫಾರಸು. ನಾಸಾ ಕಡೆಯಿಂದ ಒತ್ತಡ ಬಂತು, ಕಂಪನಿಯ ಮ್ಯಾನೇಜರ್‌ಗಳು ತಮ್ಮದೇ ಇಂಜಿನಿಯರ್‌ಗಳ ಮಾತು ಬದಿಗಿಟ್ಟು ಒಪ್ಪಿಗೆ ಕೊಟ್ರು. ಮರುದಿನ ಹಾರಿದ 73 ಸೆಕೆಂಡಿಗೆ ಚಾಲೆಂಜರ್ ಛಿದ್ರ ಆಯ್ತು. ಏಳು ಜನ ಹೋದರು.

ಆ ರಾತ್ರಿಯ ವಾದ ಯಾಕೆ ಸೋತಿತು ಅನ್ನೋ ಚರ್ಚೆ ಆಮೇಲೆ ವರ್ಷಗಟ್ಟಲೆ ನಡೀತು. ತಾಪಮಾನವನ್ನೂ ಓ-ರಿಂಗ್ ಹಾನಿಯನ್ನೂ ಒಂದೇ ಗ್ರಾಫ್‌ನಲ್ಲಿ ತೋರಿಸಿದ್ದರೆ ಅಪಾಯ ಕಣ್ಣಿಗೆ ಹೊಡೀತಿತ್ತು ಅಂತ ಎಡ್ವರ್ಡ್ ಟಫ್ಟೆ 1997ರ ತಮ್ಮ ಪುಸ್ತಕದಲ್ಲಿ ವಾದಿಸಿದ್ರು. ಬೋಯ್ಸ್‌ಜೋಲಿ ಮತ್ತು ಅವರ ಜೊತೆಗಾರರು ಒಪ್ಪಲಿಲ್ಲ. ನಮ್ಮ ಹತ್ರ ಇದ್ದ ಡೇಟಾವನ್ನ ಟಫ್ಟೆ ತಪ್ಪಾಗಿ ತಿಳ್ಕೊಂಡಿದ್ದಾರೆ ಅಂದ್ರು. ತನಿಖೆಯ ಹೇಳಿಕೆಗಳಲ್ಲಿ ಇನ್ನೊಂದು ವಿಷಯವೂ ಹೊರಬಂತು. ಸಾಮಾನ್ಯವಾಗಿ ಹಾರಿಸೋದು ಸುರಕ್ಷಿತ ಅಂತ ಸಾಬೀತು ಮಾಡಬೇಕಿತ್ತು. ಆ ರಾತ್ರಿ ಮಾತ್ರ ಅಪಾಯ ಇದೆ ಅಂತ ಸಾಬೀತು ಮಾಡಿ ಅನ್ನೋ ಹಾಗೆ ಪ್ರಶ್ನೆಯೇ ತಿರುಗಿಬಿಟ್ಟಿತ್ತು.

ನಂಗೆ ಅದನ್ನ ಓದಿದಾಗ ಮೈ ಜುಮ್ ಅಂತು. ಲೆಕ್ಕ ಸರಿ ಇದ್ದವರು ಸೋತಿದ್ದಾರೆ. ಮೀಟಿಂಗ್‌ನಲ್ಲಿ ಪ್ರಶ್ನೆ ಯಾವಾಗ ತಿರುಗಿತು, ಯಾರು ತಿರುಗಿಸಿದ್ರು ಅಂತ ಆ ಕ್ಷಣದಲ್ಲೇ ಗುರುತಿಸಿ "ನಿಲ್ಲಿ, ಸಾಬೀತು ಮಾಡಬೇಕಾದ್ದು ನೀವು" ಅನ್ನೋಕೆ ಬರಬೇಕು. ಆ ಕಣ್ಣು ಕೊಡೋದು ಇದೇ ಬೋರಿಂಗ್ ಅಸೈನ್‌ಮೆಂಟ್. ಹಾಗೆ ಗುರುತಿಸಿದ್ರೂ ಮೇಲಿನವರು ಕೇಳ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಬೋಯ್ಸ್‌ಜೋಲಿ ಅವರ ಕಥೆಯೇ ಅದಕ್ಕೆ ಸಾಕ್ಷಿ. ಆದರೆ ಗುರುತಿಸೋಕೇ ಬರದಿದ್ರೆ ಆಟ ಮೊದಲೇ ಮುಗಿದ ಹಾಗೆ.

ಕೊನೆಗೆ

ಮೇಡಂ ಮತ್ತೊಮ್ಮೆ ಬರೆದು ತರೋಕೆ ಅವಕಾಶ ಕೊಟ್ರು. ಈ ಸಲ ಮೂರೇ ಪುಟ, ಹದಿಮೂರು ಮಾರ್ಕ್ಸ್. ಇನ್ನೂ ಗೆಳತಿಗಿಂತ ಕಡಿಮೆಯೇ. ಅಂಚಿನಲ್ಲಿ ಒಂದು ಕಡೆ ಇನ್ನೂ "ನೀನು ಏನು ಹೇಳ್ತೀಯ?" ಅಂತ ಇತ್ತು. ಆದರೆ ಒಂದೇ ಕಡೆ.

ಅಜ್ಜನಿಗೆ ಫೋನ್ ಮಾಡಿ ಭಾಷಣದ ಬಗ್ಗೆ ಹೇಳಿದೆ. ಮೂರು ಎಚ್ಚರಿಕೆ ಏನು ಅಂತ ಶುರು ಮಾಡ್ತಿದ್ದ ಹಾಗೆ ಅವರು ತಡೆದ್ರು. "ಅದಿರಲಿ. ಸತ್ಯಾಗ್ರಹ ಮಾಡಿದವರ ಎದುರು ಸತ್ಯಾಗ್ರಹ ಬೇಡ ಅಂತ ಹೇಳ್ಲಿಕ್ಕೆ ಹೇಗೆ ಸುರು ಮಾಡಿದ್ರು, ಅದು ಹೇಳು."

ಅರ್ಧ ಗಂಟೆ ಹೇಳಿದೆ. ಅಜ್ಜ ನಡುವೆ ಒಂದ್ಸಲವೂ ಫೋನ್ ಇಡ್ಲಿಲ್ಲ.